ಅಂಕಿತದೊಳಗಿನ ಬೆಟ್ಟ: ಅಕ್ಕನ ಏಕಾಂತವನ್ನು ಕುರಿತು

ಅಕ್ಕಮಹಾದೇವಿಯ ವಚನಗಳ ಕಾಡನ್ನು ಏಕಾಂತದ ನೆಲೆಯೆಂದು ಓದುವುದು ರೂಢಿಯಾಗಿದೆ. ಜನಸಂಗ ತೊರೆದ ಜೀವವೊಂದು ನಿಸರ್ಗದ ಮೌನದಲ್ಲಿ ಬೆರಗುಗೊಂಡು ದೈವವನ್ನು ಕಾಣುತ್ತದೆ ಎಂಬುದು ಈ ಓದಿನ ಸಾರ. ಇದು ವಚನಗಳಿಗಿಂತ ಹೆಚ್ಚಾಗಿ ನವೋದಯದ ಕಣ್ಣಿಗೆ ಋಣಿಯಾಗಿದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಕನ್ನಡಕ್ಕೆ ಹತ್ತಿರಗೊಳಿಸಿದ ರಮ್ಯ ಸಂವೇದನೆಯಲ್ಲಿ ನಿಸರ್ಗಕ್ಕೂ ಒಂಟಿತನಕ್ಕೂ ಬಿಡಿಸಲಾಗದ ನಂಟು. ಆದರೆ ಆ ಒಂಟಿತನವೂ ಕಟ್ಟಿಕೊಂಡದ್ದೇ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ವರ್ಡ್ಸ್‌ವರ್ತ್ ಡ್ಯಾಫೊಡಿಲ್ ಹೂಗಳನ್ನು ಕಂಡಾಗ ತಂಗಿ ಡೊರೊತಿ ಜೊತೆಗಿದ್ದಳು. ಆಕೆಯ ದಿನಚರಿಯೇ ಇದಕ್ಕೆ ಸಾಕ್ಷಿ. 1807ರಲ್ಲಿ ಪ್ರಕಟವಾದ ಕವಿತೆಯಲ್ಲಿ ಮಾತ್ರ ಕವಿ ಒಬ್ಬಂಟಿ.

ಅಕ್ಕನಲ್ಲಿ ನಡೆಯುವುದು ಇದರ ವಿಲೋಮ. ಸಂಗಾತಿಗಳನ್ನು ಅಳಿಸುವ ಬದಲು ಆಕೆ ಹೆಚ್ಚಿಸಿಕೊಳ್ಳುತ್ತಾಳೆ. ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲುಗಳನ್ನು ಒಂದೊಂದಾಗಿ ಕರೆದು ತನ್ನವನನ್ನು ಕಂಡಿರಾ ಎಂದು ಕೇಳುತ್ತಾಳೆ. ಅವು ನೋಟದ ವಸ್ತುಗಳಲ್ಲ, ವಿಚಾರಿಸಬಹುದಾದ ಸಾಕ್ಷಿಗಳು. ವಚನದೊಳಗೆ ಯಾವುದೂ ಉತ್ತರ ಕೊಡುವುದಿಲ್ಲ. ಬೆರಗು ಹುಟ್ಟುವುದು ಆ ಉತ್ತರವಿಲ್ಲದ ಕರೆಯಲ್ಲಿ, ಬೆಟ್ಟದ ಭವ್ಯತೆಯಲ್ಲಲ್ಲ. ಹಸಿವಿಗೆ ಭಿಕ್ಷಾನ್ನವನ್ನೂ ಶಯನಕ್ಕೆ ಹಾಳು ದೇಗುಲವನ್ನೂ ನೆನೆಯುವ ಇನ್ನೊಂದು ವಚನವಂತೂ ರಮ್ಯ ಓದಿಗೆ ಸುಲಭವಾಗಿ ಒಗ್ಗುವುದಿಲ್ಲ. ನಿರ್ಜನವೆಂದು ನಾವು ಊಹಿಸಿಕೊಂಡ ಜಾಗದಲ್ಲಿ ಊರಿನ ಅನ್ನವಿದೆ, ಯಾರೋ ಕಟ್ಟಿದ ಗೋಡೆಯಿದೆ. ಆತ್ಮಸಂಗಾತಕ್ಕೆ ಚೆನ್ನಮಲ್ಲಿಕಾರ್ಜುನನಿದ್ದಾನೆಂಬ ಮಾತು ಬರುವುದು ಇವೆಲ್ಲದರ ನಂತರ.

ಆ ಅಂಕಿತದ ಪಾಡೂ ಗಮನಾರ್ಹ. ಎ.ಕೆ. ರಾಮಾನುಜನ್ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ (1973) ಅದನ್ನು ಮಲ್ಲಿಗೆಯಂತೆ ಬಿಳುಪಾದ ಒಡೆಯನೆಂದು ಇಂಗ್ಲಿಷಿಗೆ ತಂದರು. ವ್ಯುತ್ಪತ್ತಿಗೆ ಅದು ನಿಷ್ಠ. ಇಂಗ್ಲಿಷಿನಲ್ಲಿ ಸುಂದರವೂ ಹೌದು. ಆದರೆ ಹೆಸರು ವಿಶೇಷಣವಾದ ಕ್ಷಣವೇ ಸ್ಥಳ ಕಳಚಿಬೀಳುತ್ತದೆ. ಉಡುತಡಿಯ ಗುಡಿಯ ದೇವರಿಗೂ ಇದೇ ಹೆಸರೆಂಬ ಪ್ರತೀತಿಯಿದೆ, ಸರಿ. ಮಲ್ಲಿಕಾರ್ಜುನನ ಮಹಾಕ್ಷೇತ್ರ ಮಾತ್ರ ಶ್ರೀಶೈಲವೇ. ಶೂನ್ಯಸಂಪಾದನೆ ಅಕ್ಕನನ್ನು ಕಲ್ಯಾಣದ ಸಂವಾದದ ಬಳಿಕ ಕಳುಹಿಸುವುದು ಆ ಬೆಟ್ಟದ ಕದಳಿಗೆ. ಸ್ಥಳವಿಲ್ಲದ ಅಕ್ಕ ಯಾವ ಕಾಡಿನಲ್ಲಾದರೂ ಅಲೆಯಬಲ್ಲ ವಿಶ್ವಮಾನ್ಯ ಒಂಟಿ ಅನುಭಾವಿಯಾಗುತ್ತಾಳೆ. ಇಂಗ್ಲಿಷಿನಿಂದ ಮರಳಿ ಬಂದ ಈ ಅಕ್ಕನನ್ನೇ ತರಗತಿಗಳಲ್ಲಿ ಕಲಿಸುವಾಗ ಕಳೆದುಹೋಗುವುದು ಗಡಿಯಾಚೆಯ ಕನ್ನಡದ ಒಂದು ಭೂಗೋಲ.

ಶ್ರೀಶೈಲ ಇಂದು ಆಂಧ್ರಪ್ರದೇಶದಲ್ಲಿದೆ. ಉತ್ತರ ಕರ್ನಾಟಕದ ಭಕ್ತರು ಪ್ರತಿ ಯುಗಾದಿಗೆ ನಲ್ಲಮಲ ಕಾಡನ್ನು ಕಾಲ್ನಡಿಗೆಯಲ್ಲಿ ದಾಟಿ ಅಲ್ಲಿಗೆ ಹೋಗುತ್ತಾರೆ, ಗುಂಪುಗುಂಪಾಗಿ, ಮಲ್ಲಯ್ಯನ ಹೆಸರು ಕೂಗುತ್ತ.