ಹತ್ತು ಮನೆಗಳ ಆಚೆ: ನಾ. ಡಿಸೋಜಾ ಮತ್ತು ‘ನೆರೆಯವರು’ ಎಂಬ ಪ್ರಶ್ನೆ

ಈ ಸಲದ ಪಾಡ್‌ಕಾಸ್ಟ್ ಸಂಚಿಕೆಯಲ್ಲಿ ನಾ. ಡಿಸೋಜಾ ಬಗ್ಗೆ ಮಾತಾಡ್ತಾ ಒಂದು ಪ್ರಶ್ನೆಯನ್ನ ಅರ್ಧಕ್ಕೇ ಬಿಟ್ಟಿದ್ದೆವು. ಕ್ರೈಸ್ತ ನಂಬಿಕೆ ಅನ್ನೋದು ಭಾನುವಾರದ ಪೂಜೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತೆ? ಗಂಡ ಹೆಂಡತಿ ನಡುವೆ, ಅಪ್ಪ ಅಮ್ಮನ ಮುಪ್ಪಿನಲ್ಲಿ, ಪಕ್ಕದ ಮನೆಯವರ ಕಷ್ಟದಲ್ಲಿ ಅದು ಯಾವ ರೂಪ ತಾಳುತ್ತೆ? ಮತ್ತು ಕನ್ನಡ ಸಾಹಿತ್ಯ ಇದನ್ನ ಎಷ್ಟು ಕಂಡಿದೆ? ಮಾತಿನಲ್ಲಿ ಜಾರಿಹೋದದ್ದನ್ನ ಬರಹದಲ್ಲಿ ಹಿಡಿಯೋ ಪ್ರಯತ್ನ ಇದು.

ಕನ್ನಡಕ್ಕೆ ಕ್ರಿಸ್ತ ಹೊಸಬನಲ್ಲ. ಕಾಸರಗೋಡಿನ ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು. ಯೇಸುವಿನ ಕೊನೆಯ ದಿನವನ್ನ ಕನ್ನಡದ ಖಂಡಕಾವ್ಯ ಮಾಡಿದ ಕೃತಿ ಅದು. ಕ್ರೈಸ್ತ ಮಿಷನರಿಯೂ ನಮಗೆ ಚೆನ್ನಾಗಿ ಗೊತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್. ರಾಜ್ಯೋತ್ಸವದ ಭಾಷಣಗಳಲ್ಲಿ ಇವರ ಹೆಸರು ತಪ್ಪದೆ ಬರುತ್ತೆ. ಅಂದರೆ ಶಿಲುಬೆಯ ಮೇಲಿನ ಕ್ರಿಸ್ತ, ಅಚ್ಚುಮೊಳೆಯ ಮುಂದಿನ ಪಾದ್ರಿ, ಇಬ್ಬರೂ ನಮ್ಮ ಗೌರವಕ್ಕೆ ಪಾತ್ರರು. ಆದರೆ ಸಂಜೆ ದೀಪ ಹಚ್ಚಿ, ಮೀನು ಸಾರು ಕುದಿಯುವಾಗಲೇ ‘ತೇರ್ಸ್’ ಶುರು ಮಾಡುವ ಮನೆ? ಜಪಮಾಲೆ ಮುಗಿದ ಮೇಲೆ ಮಕ್ಕಳು ದೊಡ್ಡವರ ಮುಂದೆ ನಿಂತು ‘ಬೆಸಾಂವ್’ ಕೇಳುವ, ಅಂದರೆ ಆಶೀರ್ವಾದ ಬೇಡುವ ಆ ಗಳಿಗೆ? ಕನ್ನಡದ ಓದುಗ ಆ ಮನೆಯ ಹೊಸ್ತಿಲು ದಾಟಿದ್ದು ತುಂಬಾ ಕಡಿಮೆ.

ದಾಟಿಸಿದವರಲ್ಲಿ ಮುಖ್ಯರು ಡಿಸೋಜಾ. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಶರಾವತಿ ಯೋಜನೆಯನ್ನ ಹತ್ತಿರದಿಂದ ಕಂಡು, 2025ರ ಜನವರಿಯಲ್ಲಿ ತೀರಿಕೊಂಡವರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರಿಗೆ ‘ಮುಳುಗಡೆಯ ಲೇಖಕ’ ಅನ್ನೋ ಚೀಟಿ ಅಂಟಿಸಿಬಿಟ್ಟಿದ್ದೇವೆ. ಚೀಟಿ ಸುಳ್ಳಲ್ಲ. ಆದರೆ ಅದರಿಂದಾಗಿ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ತರಹದ ಕಾದಂಬರಿಗೆ ಸಿಗಬೇಕಾದ ಗಮನ ಸಿಗಲಿಲ್ಲ ಅಂತ ನನಗನಿಸುತ್ತೆ.

ಆ ಹೆಸರನ್ನೇ ನೋಡಿ. ಇಗರ್ಜಿ ಅನ್ನೋದು ಪೋರ್ಚುಗೀಸಿನಿಂದ ಕೊಂಕಣಿಗೆ, ಕೊಂಕಣಿಯಿಂದ ಕನ್ನಡಕ್ಕೆ ಬಂದ ಪದ. ಹೆಸರಿನಲ್ಲಿ ಇಗರ್ಜಿಯಷ್ಟೇ ಮುಖ್ಯವಾದದ್ದು ‘ಸುತ್ತಲಿನ’ ಅನ್ನೋ ಮಾತು. ಕರಾವಳಿಯಿಂದ ಕೆಲಸ ಹುಡುಕಿಕೊಂಡು ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರಿಗೆ ಮಲೆನಾಡು ಪರಸ್ಥಳ. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಅವರು ಹತ್ತು ಮನೆ ಸೇರಿ ಒಂದು ಇಗರ್ಜಿ ಮಾಡಿಕೊಳ್ತಾರೆ, ಆಮೇಲೆ ಇಗರ್ಜಿ ಆ ಹತ್ತು ಮನೆಗಳನ್ನ ಒಂದು ಊರು ಮಾಡುತ್ತೆ. ಡಿಸೋಜಾರಿಗೆ ನಂಬಿಕೆ ಅಂದರೆ ಒಳಗಿನ ತಳಮಳವೂ ಅಲ್ಲ, ದೇವಶಾಸ್ತ್ರವೂ ಅಲ್ಲ. ಅದು ಜನ ಒಬ್ಬರ ಪಕ್ಕ ಒಬ್ಬರು ಬದುಕುವ ಕ್ರಮ.

ಈ ಕ್ರಮಕ್ಕೆ ಒಂದು ಯಂತ್ರವೂ ಇದೆ. ಕರಾವಳಿಯ ಕೆಥೊಲಿಕರಲ್ಲಿ ಧರ್ಮಕೇಂದ್ರವನ್ನ ವಾಡೊಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಗುರ್ಕಾರ ಇರ್ತಾನೆ. ಅವನು ಪಾದ್ರಿಯಲ್ಲ, ಸಂಸಾರಸ್ಥ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳ ಮದುವೆ, ಯಾರು ಕುಡಿದು ಗಲಾಟೆ ಮಾಡಿದರು, ಯಾರು ಪೂಜೆಗೆ ಬಂದಿಲ್ಲ, ಎಲ್ಲ ಅವನಿಗೆ ಗೊತ್ತು. ಸಾವಿನ ಮನೆಗೆ ಮೊದಲು ಬರುವವನೂ ಅವನೇ, ಚಾಡಿ ಪಾದ್ರಿಗೆ ಮುಟ್ಟುವ ದಾರಿಯೂ ಅವನೇ. ಕಾಳಜಿ ಮತ್ತು ಕಾವಲು ಒಂದೇ ಮನುಷ್ಯನ ಕೈಯಲ್ಲಿ.

ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದೇ ಜೋಡಿ ಇನ್ನೂ ಗಟ್ಟಿಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಸೇರಿದವರು ಎಷ್ಟೋ ಸಲ ಮನೆ, ಜಾತಿ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ತಿದ್ದರು. ಅವರಿಗೆ ಅನ್ನ ಬೇಕಿತ್ತು, ಅದಕ್ಕೇ ನೇಯ್ಗೆ ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಹೊಸ ನಂಬಿಕೆ ಜೊತೆಗೆ ಹೊಸ ಸಂಬಳ, ಹೊಸ ಕುಟುಂಬ, ಹೊಸ ಶಿಸ್ತು. ಕೆಲಸ ಕೊಡುವವರು ಮತ್ತು ಪಾಪ ಪುಣ್ಯ ಹೇಳುವವರು ಒಂದೇ ಸಂಸ್ಥೆಯವರಾದಾಗ ಕೆಲಸಗಾರನ ಮನೆಗೆ ಗುಟ್ಟು ಅನ್ನೋದು ಉಳಿಯೋದು ಕಷ್ಟ. ಆದರೆ ಆ ಮನೆಯನ್ನ ಹಸಿವಿಗೂ ಬಿಡಲಿಲ್ಲ ಅನ್ನೋದನ್ನ ಮರೆಯೋ ಹಾಗಿಲ್ಲ.

ಈಗ ನಾನಿರುವ ಊರಿಗೆ ಬರ್ತೀನಿ. ಫಾಸ್ಟರ್ ಸಿಟಿ 1960ರ ದಶಕದಲ್ಲಿ ಕೊಲ್ಲಿಯ ಜೌಗಿನ ಮೇಲೆ ಮಣ್ಣು ತುಂಬಿಸಿ ಕಟ್ಟಿದ ಊರು, 1971ರಲ್ಲಿ ನಗರವಾಯಿತು. ನಡುವೆ ತೋಡಿದ ಸರೋವರ, ಅಂಚಿಗೆ ನೀರು ತಡೆಯುವ ಕಟ್ಟೆ. ಇಲ್ಲಿಯ ಚರ್ಚುಗಳಿಗೆ ಹೋಗುವ ನಮ್ಮ ಕಡೆಯ ಕುಟುಂಬಗಳೂ ಇವೆ. ಮಂಗಳೂರು, ಉಡುಪಿ, ಶಿವಮೊಗ್ಗ, ಬೆಂಗಳೂರು ಮೂಲದವರು. ಪೂಜೆ ಇಂಗ್ಲಿಷಿನಲ್ಲಿ, ಪಕ್ಕದ ಬೆಂಚಿನಲ್ಲಿ ಫಿಲಿಪ್ಪೀನ್ಸಿನ ಅಜ್ಜಿ, ಹಿಂದೆ ಮೆಕ್ಸಿಕೊ ಮೂಲದ ಸಂಸಾರ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನ ಹತ್ತಿರದ ಶನಿವಾರಕ್ಕೆ ಸರಿಸಿ ಆಚರಿಸೋದುಂಟು. ಹೊಸ ತೆನೆ ಇಲ್ಲಿ ಎಲ್ಲಿಂದ ಬರಬೇಕು? ಆದರೂ ಕಾಯಿಹಾಲಿನ ಪಾಯಸ, ಬೆಸ ಸಂಖ್ಯೆಯ ತರಕಾರಿ ಪದಾರ್ಥ, ಬಾಳೆ ಎಲೆ ಬದಲು ಹಸಿರು ಕಾಗದದ ತಟ್ಟೆ. ಇದನ್ನ ನಕಲಿ ಅಂತ ನಗೋದು ಸುಲಭ. ನಾನು ನಗಲ್ಲ. ಹಬ್ಬದ ತಿರುಳು ಹೊಸ ಅಕ್ಕಿಯನ್ನ ಇಡೀ ಮನೆ ಒಟ್ಟಿಗೆ ಕೂತು ತಿನ್ನೋದು, ಅಷ್ಟಾದರೂ ಉಳಿದಿದೆ.

ಉಳಿಯದೇ ಇರೋದು ಗುರ್ಕಾರ. ಇಲ್ಲಿ ಇಗರ್ಜಿಯ ಸುತ್ತ ಹತ್ತು ಮನೆಗಳಿಲ್ಲ. ಇಗರ್ಜಿ ಒಂದು ಕಡೆ, ಒಂದು ಮನೆ ಸ್ಯಾನ್ ಮಟೇಯೊದಲ್ಲಿ, ಇನ್ನೊಂದು ಸೇತುವೆಯಾಚೆ ಹೇವರ್ಡಿನಲ್ಲಿ. ಗ್ಯಾರೇಜಿನ ಬಾಗಿಲು ಮುಚ್ಚಿತು ಅಂದರೆ ಒಳಗೇನಾಯಿತು ಅಂತ ದೇವರಿಗೇ ಗೊತ್ತು. ಹಳೇ ಕಾವಲು ತಪ್ಪಿದ್ದು ಬಿಡುಗಡೆಯೇ, ಅದರಲ್ಲೂ ಹೆಣ್ಣುಮಕ್ಕಳಿಗೆ. ಯಾರನ್ನ ಮದುವೆಯಾದಳು, ಬಾಮಣರವಳಾ ಅಲ್ಲವಾ ಅಂತ ವಿಚಾರಿಸುವವರು ಕಡಿಮೆ. (ಕ್ರೈಸ್ತರಾದ ಮೇಲೂ ಈ ಲೆಕ್ಕ ಹೋಗಲಿಲ್ಲ ಅನ್ನೋದು ಕರಾವಳಿಯ ಬಹಿರಂಗ ಗುಟ್ಟು.) ಆದರೆ ಕಾವಲಿನ ಜೊತೆಗೆ ಕಾಳಜಿಯೂ ಹೋಯಿತು. ಬಾಣಂತಿಗೆ ಊಟ ತಂದುಕೊಡೋಕೆ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಬರೀತಾರೆ, ಒಳ್ಳೆಯದೇ. ಆದರೆ ಹೊಡೆತ ತಿನ್ನುವ ಹೆಂಡತಿ, ಕೆಲಸದ ಜೊತೆ ವೀಸಾವನ್ನೂ ಕಳೆದುಕೊಳ್ಳುವ ಭಯದಲ್ಲಿ ನಿದ್ದೆ ಬಿಟ್ಟ ಗಂಡ, ಊರಿನ ಫ್ಲ್ಯಾಟಿನಲ್ಲಿ ಒಂಟಿಯಾಗಿ ವಿಡಿಯೊ ಕರೆಗೆ ಕಾಯುವ ತಾಯಿ, ಇವರ್ಯಾರೂ ಆ ಪಟ್ಟಿಗೆ ಬರಲ್ಲ.

ಇಲ್ಲೇ ನನ್ನ ತಕರಾರು. ಕ್ರೈಸ್ತ ಕುಟುಂಬದ ಬಗ್ಗೆ ನಾವು ಕೇಳುವ ಉಪದೇಶಗಳು ಬಹುಪಾಲು ಎರಡೇ ಮಾತಿಗೆ ಇಳಿದುಬಿಟ್ಟಿವೆ: ಒಟ್ಟಿಗೆ ಪ್ರಾರ್ಥಿಸಿ, ಕ್ಷಮಿಸಿ. ಎರಡೂ ಒಳ್ಳೆಯ ಮಾತೇ. ಆದರೆ ‘ಕ್ಷಮಿಸಿ’ ಅನ್ನೋದನ್ನ ಯಾರಿಗೆ ಹೇಳ್ತಿದ್ದೇವೆ? ಹೆಚ್ಚಾಗಿ ಪೆಟ್ಟು ತಿಂದವರಿಗೆ. ಪೆಟ್ಟು ಕೊಟ್ಟವನಿಗೆ ಹೇಳಬೇಕಾದ ‘ನಿಲ್ಲಿಸು’ ಅನ್ನೋ ಮಾತು ಮೆಲ್ಲಗೆ, ಖಾಸಗಿಯಾಗಿ, ಕೆಲವೊಮ್ಮೆ ಹೇಳದೇ ಹೋಗುತ್ತೆ. ದುರ್ಬಲರಿಂದಷ್ಟೇ ಕೇಳುವ ಕ್ಷಮೆ ಮನೆಯ ಹಳೇ ಅಧಿಕಾರಕ್ಕೆ ಧಾರ್ಮಿಕ ಹೊದಿಕೆ ಅಷ್ಟೆ.

ಇದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ನೆರವಾದದ್ದು ಹತ್ತು ಮನೆಗಳ ಕಾದಂಬರಿಗಿಂತ ಡಿಸೋಜಾರ ‘ದ್ವೀಪ’, ಅದರಲ್ಲೂ ಅದನ್ನಾಧರಿಸಿ ಗಿರೀಶ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾ. ಅಲ್ಲಿ ಕ್ರೈಸ್ತರೇ ಇಲ್ಲ. ಅಣೆಕಟ್ಟಿನ ನೀರು ಏರ್ತಾ ಸುತ್ತಲಿನವರೆಲ್ಲ ಊರು ಬಿಟ್ಟಿದ್ದಾರೆ. ಬೆಟ್ಟದ ಮೇಲೆ ಉಳಿದದ್ದು ಗಣಪ, ಅವನ ಹೆಂಡತಿ ನಾಗಿ, ಮುದಿ ತಂದೆ ದುಗ್ಗಜ್ಜ. ಗಂಡ ಕುಸಿದಾಗ ಮನೆಯನ್ನ ಎತ್ತಿ ಹಿಡಿಯುವವಳು ನಾಗಿ. ಮಳೆ ನಿಲ್ಲುತ್ತೆ, ಮನೆ ಉಳಿಯುತ್ತೆ. ಗಣಪ ಅದೆಲ್ಲ ದೇವರ ದಯೆ ಅಂತಾನೆ. ಸೌಂದರ್ಯ ಅವರ ಮುಖದಲ್ಲಿ ಆಗ ಕಾಣುವ ಒಂಟಿತನ ಯಾವ ಮುಳುಗಡೆಗೂ ಕಡಿಮೆಯಲ್ಲ. ಈ ಕೊನೆ ಕಾಸರವಳ್ಳಿಯವರದ್ದು, ಕಾದಂಬರಿ ಬೇರೆ ದಾರಿ ಹಿಡಿಯುತ್ತೆ. ಆದರೂ ಬೀಜ ಡಿಸೋಜಾರದ್ದೇ. ದೇವರಿಗೆ ಕೈ ಮುಗಿಯುವ ಭರದಲ್ಲಿ ಪಕ್ಕದಲ್ಲಿದ್ದ ಮನುಷ್ಯಳ ದುಡಿಮೆ ಕಾಣದೇ ಹೋಗೋದು ಯಾವ ಧರ್ಮದ ಮನೆಯಲ್ಲಿ ಇಲ್ಲ? ಊಟಕ್ಕೆ ಮುಂಚೆ ದೇವರಿಗೆ ವಂದನೆ ಹೇಳಿ, ಅಡುಗೆ ಮಾಡಿದವಳಿಗೆ ಒಂದು ಮಾತೂ ಹೇಳದೆ ಏಳುವ ಎಷ್ಟು ಕ್ರೈಸ್ತ ಮನೆಗಳಿಲ್ಲ?

ಡಿಸೋಜಾರ ಬರವಣಿಗೆಯಲ್ಲಿ ಕೊರತೆಗಳಿವೆ. ಪಾತ್ರದ ಮೌನಕ್ಕೆ ಬಿಡಬೇಕಾದ್ದನ್ನ ನಿರೂಪಕ ತಾನೇ ವಿವರಿಸಿಬಿಡ್ತಾನೆ. ಕೆಲವು ಕಡೆ ಕಾದಂಬರಿ ಒಳ್ಳೆಯ ವರದಿಯ ಹಾಗೆ ಓದಿಸಿಕೊಳ್ಳುತ್ತೆ. ಇಷ್ಟೊಂದು ಬರೆದವರಲ್ಲಿ ಇದು ಸಹಜವೂ ಹೌದು. ಆದರೆ ಅವರಿಗೆ ಒಂದು ಅಪರೂಪದ ಗುಣ ಇತ್ತು, ಅದು ಶೈಲಿಗೆ ಸೇರಿದ್ದಲ್ಲ. ಸಣ್ಣ ಸಮುದಾಯದ ಲೇಖಕ ತನ್ನ ಸಮುದಾಯದ ಕಥೆಯನ್ನಷ್ಟೇ ಹೇಳಬೇಕು ಅನ್ನೋ ಒತ್ತಡ ಯಾವಾಗಲೂ ಇರುತ್ತೆ. ಇವರು ಹೆಚ್ಚು ಬರೆದದ್ದು ಶರಾವತಿಯ ಹಿನ್ನೀರಿನಲ್ಲಿ ಗದ್ದೆ ಕಳಕೊಂಡವರ ಬಗ್ಗೆ, ತನ್ನ ದೇವರನ್ನ ಪೂಜಿಸದವರ ಬಗ್ಗೆ. 2019ರಲ್ಲಿ ಶರಾವತಿಯ ನೀರನ್ನ ಬೆಂಗಳೂರಿಗೆ ಒಯ್ಯುವ ಯೋಜನೆಯ ಮಾತು ಬಂದಾಗ, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೋರಾಟದ ಮುಂಚೂಣಿಯಲ್ಲಿ ನಿಂತರು.

ಬೈಬಲಿನ ಕನ್ನಡದಲ್ಲಿ ಇದಕ್ಕೆ ಒಂದು ಪದ ಇದೆ: ನೆರೆಯವನು. ಒಬ್ಬ ಧರ್ಮಪಂಡಿತ ಯೇಸುವನ್ನ, ನನ್ನ ನೆರೆಯವನು ಯಾರು ಅಂತ ಕೇಳ್ತಾನೆ. ಎಲ್ಲಿಯವರೆಗೆ ಪ್ರೀತಿಸಿದರೆ ಸಾಕು, ಗಡಿ ಹೇಳು ಅನ್ನೋ ಲೆಕ್ಕಾಚಾರ ಅದು. ಉತ್ತರವಾಗಿ ಬರೋದು ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಕಥೆ. ಸ್ವಂತ ಜನ ದಾಟಿ ಹೋಗ್ತಾರೆ, ಕೀಳು ಅನ್ನಿಸಿಕೊಂಡ ಸಮಾರ್ಯದವನು ನಿಲ್ಲುತ್ತಾನೆ. ಕೊನೆಗೆ ಪ್ರಶ್ನೆಯೇ ತಿರುಗಿರುತ್ತೆ: ನೆರೆಯವನಾಗಿ ನಡೆದುಕೊಂಡದ್ದು ಯಾರು? ಹತ್ತು ಮನೆಗಳ ವೃತ್ತಕ್ಕೆ ಈ ಕಥೆ ಒಂದು ಬಾಗಿಲು ಇಡುತ್ತೆ. ಇಗರ್ಜಿಯ ಸುತ್ತ ಇರುವವರಷ್ಟೇ ನೆರೆಯವರಾದರೆ ಅದು ಸಂಘ ಆಗುತ್ತೆ, ಸಭೆ ಆಗಲ್ಲ.

ಕನ್ನಡದಲ್ಲಿ ನೆರೆ ಅಂದರೆ ಪ್ರವಾಹವೂ ಹೌದು. ಫಾಸ್ಟರ್ ಸಿಟಿಗೆ ಈ ಎರಡನೇ ಅರ್ಥ ಚೆನ್ನಾಗಿ ಗೊತ್ತು. 2018ರಲ್ಲಿ ಇಲ್ಲಿಯ ಮತದಾರರು ಕಟ್ಟೆ ಎತ್ತರಿಸೋಕೆ 9 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟರು, 2024ರಲ್ಲಿ ಕೆಲಸ ಮುಗಿಯಿತು. ಸಮುದ್ರ ಏರಿದರೆ ಕ್ರೈಸ್ತನ ಮನೆ, ಯಹೂದಿಯ ಮನೆ, ನಮ್ಮ ಗಣೇಶ ಕೂರಿಸುವ ಮನೆ ಅಂತ ನೀರು ವಿಚಾರಿಸಲ್ಲ ಅಂತ ಎಲ್ಲರೂ ಒಪ್ಪಿ ತೆರಿಗೆ ಕಟ್ತಿದ್ದಾರೆ. ಹೊರಗಿನ ನೆರೆಗೆ ಇಷ್ಟು ಒಗ್ಗಟ್ಟು ಸಾಧ್ಯವಾದರೆ, ಮನೆಯೊಳಗೆ ಏರುವ ನೀರಿಗೆ ಯಾಕಿಲ್ಲ?

ಗುರ್ಕಾರನನ್ನ ವಾಪಸ್ ಕರೆಯಿರಿ ಅಂತ ನಾನು ಹೇಳ್ತಿಲ್ಲ, ಅವನ ಚಾಡಿ ನಮಗೆ ಬೇಡ. ಆದರೆ ಅವನು ಮಾಡ್ತಿದ್ದ ಒಂದು ಕೆಲಸ ಬೇಕು: ಬಾಗಿಲು ತಟ್ಟೋದು. ‘ಹೇಗಿದ್ದೀರಿ ಅಕ್ಕಾ’ ಅಂತ ಕೇಳಿ, ‘ಚೆನ್ನಾಗಿದ್ದೀನಿ’ ಅನ್ನೋ ಮೊದಲ ಉತ್ತರಕ್ಕೆ ಎದ್ದುಹೋಗದೆ ಇನ್ನೂ ಹತ್ತು ನಿಮಿಷ ಕೂರೋದು. ಸಾಗರದಲ್ಲೋ ಫಾಸ್ಟರ್ ಸಿಟಿಯಲ್ಲೋ, ನಂಬಿಕೆ ಮನೆಗೆ ಬರೋದು ಆ ಹತ್ತು ನಿಮಿಷದಲ್ಲಿ. ಡಿಸೋಜಾರನ್ನ ಮುಳುಗಡೆಗಾಗಿ ಓದಿದವರು ಈ ಕಣ್ಣಿನಿಂದ ಇನ್ನೊಮ್ಮೆ ಓದಿ, ಮೊದಲು ಹತ್ತು ಮನೆಗಳು, ಆಮೇಲೆ ‘ದ್ವೀಪ’. ಮುಂದಿನ ಸಂಚಿಕೆಯಲ್ಲಿ ನಿಮ್ಮ ತಕರಾರುಗಳನ್ನೂ ಸೇರಿಸಿಕೊಂಡು ಮಾತಾಡೋಣ.