ಕಾಣದ್ದರ ಭಯ: ಮೂರು ಚಿತ್ರಗಳು

ಅಕ್ಟೋಬರ್ 31ರ ರಾತ್ರಿ ಅಮೆರಿಕ, ಬ್ರಿಟನ್‌ಗಳಲ್ಲಿ ಹ್ಯಾಲೋವೀನ್ ಆಚರಣೆ. ಮಕ್ಕಳು ದೆವ್ವದ ವೇಷ ತೊಟ್ಟು ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ದೊಡ್ಡವರು ಭಯದ ಸಿನಿಮಾ ಹಾಕಿಕೊಂಡು ಕೂರುತ್ತಾರೆ. ಆ ಹಬ್ಬ ನಮ್ಮದಲ್ಲ, ಆದರೆ ಭಯ ಎಲ್ಲರದೂ ಹೌದು. ಆ ರಾತ್ರಿಗೆಂದೇ ತಯಾರಾಗುವ ಬಹುಪಾಲು ಚಿತ್ರಗಳು ನಮ್ಮನ್ನು ಬೆಚ್ಚಿಬೀಳಿಸುತ್ತವೆಯೇ ಹೊರತು ಹೆದರಿಸುವುದಿಲ್ಲ. ಅವು ಭಯಕ್ಕೊಂದು ಮುಖ ಕೊಡುತ್ತವೆ. ಸಾಮಾನ್ಯವಾಗಿ ಅದು ಯಾರೋ ಅಪರಿಚಿತನ ಮುಖ. ಕೊನೆಯಲ್ಲಿ ಅವನನ್ನು ಕೊಂದುಬಿಟ್ಟರೆ ನಾವು ನೆಮ್ಮದಿಯಿಂದ ಮಲಗಬಹುದು. ನಾನು ಇಲ್ಲಿ ಹೇಳಹೊರಟಿರುವ ಮೂರು ಚಿತ್ರಗಳು ಆ ನೆಮ್ಮದಿಯನ್ನು ಕೊಡುವುದಿಲ್ಲ.

ಮೊದಲನೆಯದು ರಾಬರ್ಟ್ ವೈಸ್ 1963ರಲ್ಲಿ ನಿರ್ದೇಶಿಸಿದ ‘ದಿ ಹಾಂಟಿಂಗ್’. ಶರ್ಲಿ ಜಾಕ್ಸನ್ ಅವರ ಕಾದಂಬರಿಯನ್ನು ಆಧರಿಸಿದ ಕಪ್ಪು ಬಿಳುಪಿನ ಚಿತ್ರ. ಹಿಲ್ ಹೌಸ್ ಎಂಬ ಹಳೆಯ ಬಂಗಲೆಗೆ ನಾಲ್ಕು ಜನ ಬರುತ್ತಾರೆ. ಇಡೀ ಚಿತ್ರದಲ್ಲಿ ದೆವ್ವ ಒಮ್ಮೆಯೂ ಕಾಣುವುದಿಲ್ಲ. ರಾತ್ರಿ ಗೋಡೆ ಬಡಿಯುವ ಸದ್ದು, ಒಳಕ್ಕೆ ಉಬ್ಬುವ ಮರದ ಬಾಗಿಲು, ಇಷ್ಟೇ. ಆದರೆ ಎಲೆನೋರ್ ಎಂಬ ಹೆಣ್ಣುಮಗಳಿಗೆ ಆ ಸದ್ದು ಹೊಸದಲ್ಲ. ಹನ್ನೊಂದು ವರ್ಷ ಕಾಯಿಲೆಯ ತಾಯಿಯ ಆರೈಕೆ ಮಾಡಿದವಳು ಅವಳು. ಒಂದು ರಾತ್ರಿ ತಾಯಿ ಗೋಡೆ ತಟ್ಟಿ ಕರೆದಾಗ ಹೋಗಲಿಲ್ಲ, ತಾಯಿ ತೀರಿಹೋದಳು. ಬಂಗಲೆಯಲ್ಲಿ ಗೋಡೆ ಬಡಿಯುವುದು ದೆವ್ವವೋ ಅವಳ ಅಪರಾಧಪ್ರಜ್ಞೆಯೋ ಎಂದು ಚಿತ್ರ ಹೇಳುವುದಿಲ್ಲ. ಹೆತ್ತವರ ಕರೆಗೆ ಒಮ್ಮೆಯಾದರೂ ಓಗೊಡದೆ ಮಲಗಿದವರಿಗೆ ಹೇಳಬೇಕಾಗಿಯೂ ಇಲ್ಲ.

ಎರಡನೆಯದು ಜ್ಯಾಕ್ ಕ್ಲೇಟನ್ ಅವರ ‘ದಿ ಇನ್ನೊಸೆಂಟ್ಸ್’ (1961). ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಇದರ ಮೂಲ. ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಇಬ್ಬರು ಅನಾಥ ಮಕ್ಕಳನ್ನು ನೋಡಿಕೊಳ್ಳಲು ಬರುವ ಶಿಕ್ಷಕಿಯ ಪಾತ್ರದಲ್ಲಿ ಡೆಬೊರಾ ಕೆರ್ ಇದ್ದಾರೆ. ಸತ್ತುಹೋದ ಇಬ್ಬರು ಕೆಲಸದವರ ಪ್ರೇತಗಳು ಮಕ್ಕಳನ್ನು ಆವರಿಸಿಕೊಂಡಿವೆ ಎಂಬುದು ಆಕೆಯ ನಂಬಿಕೆ. ಹಾಡುಹಗಲಲ್ಲಿ ಕೆರೆಯಾಚೆ ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸೊಬ್ಬಳು ನಿಂತಿರುತ್ತಾಳೆ. ಸುಮ್ಮನೆ ನಿಂತಿರುತ್ತಾಳೆ. ಇಷ್ಟು ಸಣ್ಣ ದೃಶ್ಯ ಇಷ್ಟು ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ. ಆದರೆ ಮನೆಯ ಮೇಲ್ವಿಚಾರಕಿಗೆ ಅದು ಕಾಣುವುದಿಲ್ಲ, ಮಕ್ಕಳೂ ಒಪ್ಪುವುದಿಲ್ಲ. ನಿಧಾನಕ್ಕೆ ನಮ್ಮ ಭಯ ಪ್ರೇತಗಳಿಂದ ಶಿಕ್ಷಕಿಯತ್ತ ತಿರುಗುತ್ತದೆ. ಕಾಪಾಡುತ್ತೇನೆಂದು ಹೊರಟವರ ಭಯವೇ ಕಾಪಾಡಬೇಕಾದವರನ್ನು ಹಿಂಡಿಹಾಕಬಲ್ಲದು. ಸಮುದಾಯಗಳ ಹೆಸರಿನಲ್ಲಿ, ಮಕ್ಕಳ ಹಿತದ ಹೆಸರಿನಲ್ಲಿ ಇದನ್ನು ನಾವು ಸಾಕಷ್ಟು ನೋಡಿದ್ದೇವೆ.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಟೆಹರಾನಿನಲ್ಲಿ ಹುಟ್ಟಿದ ಬಾಬಕ್ ಅನ್ವರಿ 2016ರಲ್ಲಿ ಪರ್ಷಿಯನ್ ಭಾಷೆಯಲ್ಲಿ ತೆಗೆದ ‘ಅಂಡರ್ ದಿ ಶ್ಯಾಡೋ’. ಇರಾನ್–ಇರಾಕ್ ಯುದ್ಧದ ಕೊನೆಯ ದಿನಗಳು. ಟೆಹರಾನಿನ ಮೇಲೆ ಕ್ಷಿಪಣಿಗಳು ಬೀಳುತ್ತಿವೆ. ಕ್ರಾಂತಿಯ ದಿನಗಳಲ್ಲಿ ಎಡಪಂಥೀಯ ಚಟುವಟಿಕೆಯಲ್ಲಿದ್ದಳೆಂಬ ಕಾರಣಕ್ಕೆ ಶಿದೆ ಎಂಬಾಕೆಗೆ ವೈದ್ಯಕೀಯ ಓದು ಮುಂದುವರಿಸಲು ಅವಕಾಶ ಸಿಗುವುದಿಲ್ಲ. ವೈದ್ಯನಾದ ಗಂಡ ಯುದ್ಧಭೂಮಿಗೆ ಹೋಗಬೇಕಾಗುತ್ತದೆ. ಮನೆಯಲ್ಲಿ ತಾಯಿ ಮತ್ತು ಪುಟ್ಟ ಮಗಳು ದೊರ್ಸಾ ಇಬ್ಬರೇ. ಮಗಳ ಗೊಂಬೆ ಕಾಣೆಯಾಗುತ್ತದೆ. ಗಾಳಿಯ ಜೊತೆ ಜಿನ್ನ್ ಬಂದಿದೆ ಎಂಬ ಮಾತು ಹುಟ್ಟುತ್ತದೆ.

ಉರ್ದು ಮನೆಗಳಲ್ಲಿ ಬೆಳೆದವರಿಗೆ ಜಿನ್ನ್ ಎಂದರೆ ಸತ್ತವರ ಪ್ರೇತವಲ್ಲ, ಬೆಂಕಿಯಿಂದಾದ ಇನ್ನೊಂದು ಸೃಷ್ಟಿ. ಅವರಲ್ಲೂ ಒಳ್ಳೆಯವರು ಕೆಟ್ಟವರು ಇದ್ದಾರೆ. ಅನ್ವರಿಯ ಜಿನ್ನ್ ಭಯ, ಆತಂಕಗಳಿರುವ ಕಡೆ ಬರುತ್ತದೆ. ಒಂಟಿತನ, ಯುದ್ಧ, ಮುರಿದ ಓದು ಇವೆಲ್ಲ ಸೇರಿದ ಮನೆಗೆ ಅದು ಬಾರದೆ ಎಲ್ಲಿ ಹೋದೀತು?

ಈ ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ಇಲ್ಲಿ ಜಿನ್ನ್ ಹಾರಾಡುವ ಚಾದರದ ರೂಪದಲ್ಲಿ ಬರುತ್ತದೆ. ಚಾದರ ಕಂಡರೆ ಮೊದಲೇ ಅಂಜುವ ಪ್ರೇಕ್ಷಕನಿಗೆ ಇದು ಅವನ ಪೂರ್ವಗ್ರಹಕ್ಕೆ ಸಿಕ್ಕ ಪರವಾನಗಿ. ನಮ್ಮಲ್ಲಿ ಎಷ್ಟೋ ಜನ ಅಜ್ಜಿಯ ಚಾದರದ ಅಂಚು ಹಿಡಿದೇ ನಡಿಗೆ ಕಲಿತವರು. ಎರಡನೇ ಸಲ ನೋಡಿದಾಗ ಇನ್ನೊಂದು ದೃಶ್ಯ ಮುಖ್ಯವಾಗಿ ಕಂಡಿತು. ಶಿದೆ ಹೆದರಿ ಮಗುವನ್ನೆತ್ತಿಕೊಂಡು ಬರಿತಲೆಯಲ್ಲಿ ರಾತ್ರಿಯ ಬೀದಿಗೆ ಓಡುತ್ತಾಳೆ. ಏನಾಯಿತು ತಾಯಿ ಎಂದು ಕೇಳಬೇಕಾದವರು ತಲೆ ಮುಚ್ಚಿಲ್ಲವೆಂದು ಅವಳನ್ನು ಬಂಧಿಸುತ್ತಾರೆ. ಭಯ ಬಟ್ಟೆಯಲ್ಲಿಲ್ಲ, ಅದನ್ನು ಹೇರುವ ಕೈಯಲ್ಲಿದೆ. ಉಡಿಸುವ ಕೈಯಂತೆ ಕಳಚುವ ಕೈಯೂ ಹೇರಬಲ್ಲದು ಎಂಬುದನ್ನು ನಾವು ಸೇರಿಸಿಕೊಳ್ಳಬೇಕು. 2022ರಲ್ಲಿ ಕರ್ನಾಟಕದ ಕಾಲೇಜು ಗೇಟುಗಳ ಮುಂದೆ ನಿಂತ ಹುಡುಗಿಯರು ನೆನಪಾದರು. ಅನ್ವರಿ ತನ್ನ ಊರಿನ ಕೈಯನ್ನು ತೋರಿಸಿದ್ದಾರೆ, ಅದು ಅವರ ಹಕ್ಕು. ನನ್ನ ತಕರಾರು ಪೂರ್ತಿ ಕರಗಿಲ್ಲ, ಆದರೂ ನೋಡಿ ಎನ್ನುತ್ತೇನೆ.

ಈ ಮೂರರಲ್ಲೂ ಹೆದರಿದವರ ಮಾತನ್ನು ಸುತ್ತಲಿನವರು ನಂಬುವುದಿಲ್ಲ. ಎಲೆನೋರಳ ಭಯ ಅವಳನ್ನೇ ತಿನ್ನುತ್ತದೆ, ಶಿಕ್ಷಕಿಯ ಭಯ ಮಕ್ಕಳನ್ನು ತಿನ್ನುತ್ತದೆ, ಶಿದೆಯ ಭಯಕ್ಕೆ ಊರಿನಲ್ಲಿ ಜಾಗವೇ ಇಲ್ಲ. ಹೆದರಿದವರು ನಮ್ಮ ಬಾಗಿಲು ತಟ್ಟಿದರೆ ನಾವೇನು ಮಾಡುತ್ತೇವೆ ಎಂಬ ಪ್ರಶ್ನೆ ಚಿತ್ರ ಮುಗಿದ ಮೇಲೂ ಉಳಿಯುತ್ತದೆ.

ದೀಪ ಆರಿಸಿ, ಮೊಬೈಲ್ ದೂರವಿಟ್ಟು ನೋಡಿ. ಈ ಚಿತ್ರಗಳ ಅರ್ಧ ಜೀವ ಸದ್ದಿನಲ್ಲಿದೆ. ಚಿಕ್ಕ ಮಕ್ಕಳನ್ನು ಮೊದಲೇ ಮಲಗಿಸಿ. ನಡುರಾತ್ರಿ ಅವರು ಎದ್ದು ಕರೆದರೆ ತಡಮಾಡದೆ ಎದ್ದು ಹೋಗಿ.