ಗೊತ್ತಿದ್ದೇ ನಗುವ ಸುಖ: ಸಿಟ್‌ಕಾಂ ನೋಡುವವರಿಗೊಂದು ಕೈಪಿಡಿ

ಕಾಪುವಿನ ನಮ್ಮ ದೊಡ್ಡಮ್ಮ ‘ಸಿಲ್ಲಿ ಲಲ್ಲಿ’ ಧಾರಾವಾಹಿ ನೋಡುತ್ತಿದ್ದ ಕ್ರಮ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಳೆಗಾಲದ ರಾತ್ರಿ, ಚಾವಡಿಯ ಮೂಲೆಯಲ್ಲಿ ಟಿವಿ, ಪಕ್ಕದಲ್ಲಿ ಕೆಸುವಿನ ಎಲೆಯ ಕಟ್ಟು. ಮರುದಿನದ ಪತ್ರೊಡೆಗೆಂದು ಎಲೆಯ ಬೆನ್ನಿನ ದಪ್ಪ ನಾರನ್ನು ಪೀಶಕತ್ತಿಯಲ್ಲಿ ಕೆತ್ತುತ್ತ ಕೂತಿರುತ್ತಿದ್ದರು. ಪರದೆಯಲ್ಲಿ ಮಂಜುಭಾಷಿಣಿಯವರ ಲಲಿತಾಂಬ ಬಂದು ನಿಂತರೆ ಸಾಕು, ಕತ್ತಿ ನಿಲ್ಲುತ್ತಿತ್ತು, ನಗು ಶುರುವಾಗುತ್ತಿತ್ತು. “ಇನ್ನೂ ಏನೂ ಹೇಳ್ಲೇ ಇಲ್ಲ ದೊಡ್ಡಮ್ಮ, ನಗುದೆಂತಕ್ಕೆ?” ಎಂದು ಕೇಳಿದರೆ, “ಈಗ ಹೇಳ್ತಾಳೆ ನೋಡು, ತಾನು ಸಮಾಜ ಸೇವಕಿ ಅಂತ” ಎನ್ನುತ್ತಿದ್ದರು. ಅವಳು ಹೇಳಿಯೇ ಹೇಳುತ್ತಿದ್ದಳು. ಆಗ ದೊಡ್ಡಮ್ಮ ಎರಡನೆಯ ಸಲ ನಗುತ್ತಿದ್ದರು, ಮೊದಲಿಗಿಂತ ಜೋರಾಗಿ.

ಸಿಟ್‌ಕಾಂ ಸವಿಯುವ ಗುಟ್ಟು ಆ ಮೊದಲನೆಯ ನಗುವಿನಲ್ಲಿದೆ. ಜೋಕು ಕೇಳಿ ನಗುವುದು ಎಲ್ಲರಿಗೂ ಬರುತ್ತದೆ. ಜೋಕು ಬರುವ ಮುಂಚೆ ನಗುವುದಕ್ಕೆ ಆ ಮನುಷ್ಯನ ಪರಿಚಯ ಬೇಕು. ಸಿಟ್‌ಕಾಂ ನಮಗೆ ಕೊಡುವುದು ಆ ಪರಿಚಯವನ್ನು. ಹೊಸದಾಗಿ ನೋಡಲು ಕೂರುವವರು ಸಾಮಾನ್ಯವಾಗಿ ಎಡವುವುದೂ ಇಲ್ಲೇ. ಒಂದು ಕಂತು ನೋಡಿ, ಇದರಲ್ಲಿ ಹೊಸದೇನಿದೆ ಎಂದು ಎದ್ದು ಹೋಗುತ್ತಾರೆ. ಹೊಸದನ್ನು ಹುಡುಕುವವರಿಗೆ ಬೇರೆ ಪ್ರಕಾರಗಳಿವೆ. ಇದು ಹಳಬರನ್ನು ಮತ್ತೆ ಮತ್ತೆ ಕಾಣುವ ಕಲೆ.

ರೂಪ ಸರಳ. ಅರ್ಧ ಗಂಟೆಯ ಕಂತು. ಒಂದು ಮನೆ, ಒಂದು ಕಚೇರಿ ಅಥವಾ ಒಂದು ಹೋಟೆಲು. ಅದೇ ಐದಾರು ಜನ. ಸಣ್ಣದೊಂದು ಎಡವಟ್ಟು ಬೆಳೆದು ದೊಡ್ಡದಾಗುತ್ತದೆ, ಕೊನೆಗೆ ಎಲ್ಲವೂ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಮೆಗಾ ಧಾರಾವಾಹಿಯಲ್ಲಿ ಸೊಸೆಯ ಕಣ್ಣೀರು ಇಂದಿನಿಂದ ನಾಳೆಗೆ ಹರಿಯುತ್ತದೆ. ಸಿಟ್‌ಕಾಂನಲ್ಲಿ ಇಂದಿನ ಜಗಳ ಇಂದೇ ಮುಗಿಯಬೇಕು, ಯಾರೂ ಪಾಠ ಕಲಿಯಬಾರದು. ‘ಪಾಪ ಪಾಂಡು’ವಿನ ಪಾಂಡುವಿಗೆ ಒಂದು ದಿನ ಧೈರ್ಯ ಬಂದು, ಅದು ಮರುದಿನವೂ ಉಳಿದುಬಿಟ್ಟರೆ ಧಾರಾವಾಹಿಯೇ ಇಲ್ಲ.

ಈ ಪ್ರಕಾರ ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಬಂದದ್ದು, ನಮ್ಮದಲ್ಲ ಎಂದುಕೊಳ್ಳುವ ಉಡುಪಿಯವರಿಗೆ ನಾನು ಕಾರ್ಕಳ ತಾಲೂಕಿನ ನಂದಳಿಕೆಯನ್ನು ನೆನಪಿಸುತ್ತೇನೆ. ಅಲ್ಲಿ ಹುಟ್ಟಿ ಉಡುಪಿಯಲ್ಲಿ ಮೇಷ್ಟ್ರಾಗಿದ್ದ ಮುದ್ದಣ, ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901), ‘ಶ್ರೀರಾಮಾಶ್ವಮೇಧಂ’ ಬರೆದಾಗ ರಾಮನ ಕತೆಯನ್ನು ನೇರವಾಗಿ ಹೇಳಲಿಲ್ಲ. ಮಳೆಗಾಲದಲ್ಲಿ ಒಂದು ಮನೆ, ಅದರೊಳಗೆ ಗಂಡ ಹೆಂಡತಿ. ಹೆಂಡತಿ ಮನೋರಮೆಗೆ ಕತೆ ಬೇಕು, ಗಂಡನಿಗೆ ಸತಾಯಿಸಬೇಕು. ಅವನು ಪಾಂಡಿತ್ಯ ತೋರಿಸಲು ಹೊರಡುತ್ತಾನೆ, ಅವಳು ಅದನ್ನು ಅಲ್ಲಿಗೇ ತಡೆಯುತ್ತಾಳೆ. ಕತೆ ಓಡುತ್ತಿರುವಾಗ ನಡುವೆ ಬಾಯಿ ಹಾಕುತ್ತಾಳೆ. ಅಶ್ವಮೇಧದ ಕುದುರೆ ಎಲ್ಲೆಲ್ಲಿಗೆ ಹೋಗಿ ಬಂತೆಂದು ಇಂದು ಎಷ್ಟು ಜನ ನೆನಪಿಟ್ಟಿದ್ದಾರೋ, ಆದರೆ ಈ ಇಬ್ಬರ ಸಲ್ಲಾಪ ಕನ್ನಡ ಓದಿದ ಯಾರಿಗೂ ಮರೆತಿಲ್ಲ. ಸ್ಥಿರವಾದ ಇಬ್ಬರು, ಸ್ಥಿರವಾದ ಮನೆ, ಮುಗಿಯದ ಸೆಣಸು. ಟಿವಿ ಹುಟ್ಟುವ ಮೊದಲೇ ನಮ್ಮ ಕರಾವಳಿಯ ಮೇಷ್ಟ್ರೊಬ್ಬರಿಗೆ ಇದರ ಮರ್ಮ ಹೊಳೆದಿತ್ತು. ಪಾಂಡುವಾಗಿ ಚಿದಾನಂದ, ಅವನ ಹೆಂಡತಿ ಶ್ರೀಮತಿಯಾಗಿ ಶಾಲಿನಿ ಎದುರುಬದುರಾದಾಗಲೆಲ್ಲ ನನಗೆ ಆ ಮಳೆಗಾಲದ ಮನೆಯೇ ನೆನಪಾಗುತ್ತದೆ.

ಕರಾವಳಿಯವರಿಗೆ ಇನ್ನೊಂದು ತರಬೇತಿ ಯಕ್ಷಗಾನದ ಆಟದಿಂದಲೇ ಸಿಕ್ಕಿರುತ್ತದೆ. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಗೊತ್ತು, ಹಾಸ್ಯಗಾರ ಒಬ್ಬನೇ. ಒಮ್ಮೆ ದೂತ, ಒಮ್ಮೆ ಬ್ರಾಹ್ಮಣ, ಒಮ್ಮೆ ಕೃಷ್ಣನ ಸಾರಥಿ ದಾರುಕ. ವೇಷ ಬದಲಾಗುತ್ತದೆ, ಒಳಗಿನ ಮನುಷ್ಯನನ್ನು ನಾವು ಗುರುತು ಹಿಡಿದೇ ನಗುತ್ತೇವೆ. 1984ರಲ್ಲಿ ದೂರದರ್ಶನದಲ್ಲಿ ಬಂದ ‘ಯೇ ಜೋ ಹೈ ಜಿಂದಗಿ’ಯಲ್ಲಿ ಸತೀಶ್ ಶಾ ಮಾಡಿದ್ದೂ ಇದನ್ನೇ. ಶರದ್ ಜೋಶಿ ಬರೆದ ಆ ಧಾರಾವಾಹಿಯಲ್ಲಿ ಮನೆ ಅದೇ, ಮನೆಯವರು ಅವರೇ, ಕಂತು ಕಂತಿಗೂ ಹೊಸ ವೇಷ ಹಾಕಿ ಬಾಗಿಲು ತಟ್ಟುವವರು ಮಾತ್ರ ಸತೀಶ್ ಶಾ. ತೆಂಕುತಿಟ್ಟಿನ ಹಾಸ್ಯಗಾರ ಪೆರುವೋಡಿ ನಾರಾಯಣ ಭಟ್ಟರನ್ನು ಜನ ಅವರ ಪಾತ್ರದ ಹೆಸರು ಹಿಡಿದು ‘ಪಾಪಣ್ಣ’ ಎಂದೇ ಕರೆದರು. ‘ಸಿಹಿ ಕಹಿ’ ಧಾರಾವಾಹಿ ಮುಗಿದು ದಶಕಗಳಾದರೂ ಚಂದ್ರು, ಗೀತಾ ಅವರ ಹೆಸರಿನ ಹಿಂದೆ ಅದು ಇನ್ನೂ ಇದೆ. ಪಾತ್ರ ಹೀಗೆ ಮನುಷ್ಯನಿಗೆ ಅಂಟಿಕೊಂಡಿತೆಂದರೆ ನೋಡುಗರು ಅದನ್ನು ಮನೆಯವರ ಹಾಗೆ ಒಪ್ಪಿಕೊಂಡಿದ್ದಾರೆ ಎಂದು ಅರ್ಥ.

ಇನ್ನು ಕಣ್ಣಿನ ಕೆಲಸ. ಸಿಟ್‌ಕಾಂ ನೋಡುವಾಗ ಮಾತನಾಡುವವರನ್ನು ನೋಡಬೇಡಿ, ಕೇಳಿಸಿಕೊಳ್ಳುತ್ತಿರುವವರನ್ನು ನೋಡಿ. ಇದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೋಟೆಲು ಉಡುಪಿಯವರ ರಕ್ತದಲ್ಲಿದೆಯಾದ್ದರಿಂದ ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ ನಮಗೆ ಸಲೀಸು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಸೇರಿ ಬರೆದ ಈ ಸಿಟ್‌ಕಾಂ ಇರುವುದೇ 12 ಕಂತು, 1975ರಲ್ಲಿ ಆರು, 1979ರಲ್ಲಿ ಆರು. ಹೋಟೆಲು ನಡೆಸಬಾರದ ಮನುಷ್ಯನೊಬ್ಬ ಹೋಟೆಲು ನಡೆಸುತ್ತಿದ್ದಾನೆ, ಹೆಸರು ಬೇಸಿಲ್. ಗಿರಾಕಿಯೆಂದರೆ ಅವನಿಗೆ ತೊಂದರೆ. ಒಂದು ಕಂತಿನಲ್ಲಿ, ಊರಿಗೆ ಹೋಟೆಲು ತಪಾಸಣೆಯವರು ಬಂದಿದ್ದಾರೆ ಎಂಬ ಸುದ್ದಿ ಬರುತ್ತದೆ. ಆ ಹೊತ್ತಿಗೆ ಎಲ್ಲದಕ್ಕೂ ಪ್ರಶ್ನೆ ಕೇಳುವ ಗಿರಾಕಿಯೊಬ್ಬ ಕೌಂಟರಿನಲ್ಲಿದ್ದಾನೆ. ಇವನೇ ಇರಬೇಕು ಎಂದು ಬೇಸಿಲ್‌ಗೆ ಅನ್ನಿಸುವ ಆ ಒಂದು ಗಳಿಗೆಯಲ್ಲಿ ಅವನ ಬೆನ್ನು ಬಾಗುತ್ತದೆ, ತುಟಿ ಅಗಲವಾಗುತ್ತದೆ, ಮುಂಚೆ ಆಡಿದ ಒರಟು ಮಾತನ್ನು ಮೃದು ಮಾತಿನಲ್ಲಿ ಒರೆಸಲು ನೋಡುತ್ತಾನೆ. ಗಿರಾಕಿಯ ಮಾತು ನಮಗೆ ಕೇಳಿಸುವುದೇ ಇಲ್ಲ, ಬೇಸಿಲ್‌ನ ಮುಖದಲ್ಲಿ ಲೆಕ್ಕಾಚಾರ ಓಡುವುದೇ ಕಾಣುತ್ತದೆ. ಆಮೇಲೆ ಗೊತ್ತಾಗುತ್ತದೆ, ಆತ ಚಮಚ ಮಾರುವವನು. ಬೇಸಿಲ್ ಮನಸಾರೆ ಸೇಡು ತೀರಿಸಿಕೊಂಡು ಕೌಂಟರಿಗೆ ಬಂದು ನಿಂತರೆ ಎದುರಿಗೆ ಮೂವರು. ಅವರು ಯಾರೆಂದು ನಮಗೆ ಮೊದಲು ಹೊಳೆಯುತ್ತದೆ, ಅವನಿಗೆ ಒಂದು ಉಸಿರು ತಡವಾಗಿ. ನಮ್ಮ ನಗು ಆ ಒಂದು ಉಸಿರಿನ ಅಂತರದಲ್ಲಿ ಹುಟ್ಟುತ್ತದೆ. ಕ್ಯಾಷ್ ಕೌಂಟರಿನಲ್ಲಿ ಒಂದು ದಿನವಾದರೂ ಕೂತವರಿಗೆ ಈ ಕಂತನ್ನು ವಿವರಿಸಬೇಕಾಗಿಲ್ಲ.

ಕಿವಿಯ ಕೆಲಸ ಇನ್ನೂ ಸೂಕ್ಷ್ಮ. ಹಿನ್ನೆಲೆಯಲ್ಲಿ ಕೇಳುವ ನಗು ಎಲ್ಲಿಂದ ಬಂತೆಂದು ಗಮನಿಸಿ. 1951ರ ಅಕ್ಟೋಬರ್‌ನಲ್ಲಿ ಶುರುವಾದ ‘ಐ ಲವ್ ಲೂಸಿ’ಯಲ್ಲಿ ಪ್ರೇಕ್ಷಕರನ್ನು ಎದುರಿಗೆ ಕೂರಿಸಿ, ಮೂರು ಕ್ಯಾಮೆರಾಗಳಲ್ಲಿ ಫಿಲ್ಮಿನ ಮೇಲೆ ಚಿತ್ರೀಕರಿಸುತ್ತಿದ್ದರು. ಲೂಸಿಲ್ ಬಾಲ್ ಒಂದು ಮಾತು ಆಡಿ, ನಗು ಏರಿ ಇಳಿಯುವವರೆಗೆ ಕಾಯುತ್ತಾರೆ. ಆ ಕಾಯುವಿಕೆ ಕಲೆ. ಮುಂದೆ ಚಾರ್ಲ್ಸ್ ಡಗ್ಲಸ್ ಎಂಬ ತಂತ್ರಜ್ಞ ಮುದ್ರಿಸಿಟ್ಟ ನಗುವನ್ನು ಗುಂಡಿ ಒತ್ತಿ ಹೊರಡಿಸುವ ಪೆಟ್ಟಿಗೆ ತಯಾರಿಸಿದ. ನೋಡುವವರು ಯಾರೂ ಇಲ್ಲದ ಕಡೆ ನಟರು ನಗುವಿಗೆ ಕಾಯತೊಡಗಿದರು. ಕನ್ನಡದ ಹಾಸ್ಯ ಧಾರಾವಾಹಿಗಳು ಇದಕ್ಕೆ ‘ಟೊಯ್ಂ’ ಎನ್ನುವ ಸದ್ದನ್ನೂ ಸೇರಿಸಿದವು. ಆ ಸದ್ದು ಒಳ್ಳೆಯ ನಟರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಅವರ ಡಾಕ್ಟರ್ ವಿಠ್ಠಲ್ ರಾವ್ ಸುಮ್ಮನೆ ನಿಂತು ನೋಡುವ ನೋಟಕ್ಕೆ ಸದ್ದಿನ ಹಂಗಿಲ್ಲ.

ನಗುವಿಗಾಗಿ ಕಾಯುವುದೆಂದರೆ ಏನೆಂದು ನಿಜವಾಗಿ ತಿಳಿಯಬೇಕಾದರೆ ತುಳು ನಾಟಕಕ್ಕೆ ಹೋಗಿ. ಬೈಲೂರಿನ ಚೈತನ್ಯ ಕಲಾವಿದರು, ಕಾಪುವಿನ ರಂಗತರಂಗ, ಅತ್ತ ಕುಂದಾಪುರದ ರೂಪಕಲಾದವರ ಕನ್ನಡದ ‘ಮೂರು ಮುತ್ತು’, ಯಾವುದಾದರೂ ಆದೀತು. ಗದ್ದೆಯಲ್ಲಿ ಹಾಕಿದ ಕುರ್ಚಿಗಳಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಕೂತಿರುತ್ತಾರೆ. ಮುಂದಿನ ಸಾಲು ಮೊದಲು ನಗುತ್ತದೆ, ಹಿಂದಿನ ಸಾಲಿಗೆ ಅದು ತಲಪುವಷ್ಟರಲ್ಲಿ ಮುಂದಿನವರು ಸುಸ್ತಾಗಿರುತ್ತಾರೆ. ನಟ ಅಷ್ಟೂ ಹೊತ್ತು ಎದುರಿನವನ ಮುಖವನ್ನೇ ನೋಡುತ್ತ ಕಲ್ಲಿನ ಹಾಗೆ ನಿಂತಿರುತ್ತಾನೆ. ಹತ್ತು ವರ್ಷ ಹಾಗೆ ನಿಂತು ಕಲಿತವರಿಗೆ ಟಿವಿ ಕ್ಯಾಮೆರಾ ಭಯ ಹುಟ್ಟಿಸುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ನನಗೆ ನೋವಿರುವ ವಿಷಯ. ಬೆಂಗಳೂರಿನಲ್ಲಿ ತಯಾರಾಗುವ ಹಾಸ್ಯದಲ್ಲಿ ನಮ್ಮೂರಿನವನೆಂದರೆ ಅಡುಗೆ ಭಟ್ಟ ಅಥವಾ ಹೋಟೆಲು ಮಾಣಿ. “ಎಂತ ಮಾರಾಯ್ರೆ” ಎಂದ ಕೂಡಲೆ ನಗುವಿನ ಪೆಟ್ಟಿಗೆ ತೆರೆಯುತ್ತದೆ. ಒಬ್ಬನ ಮನೆಮಾತು ಜೋಕಲ್ಲ. ಮಂಡ್ಯದವರಿಗೂ ಉತ್ತರ ಕರ್ನಾಟಕದವರಿಗೂ ಇದೇ ಆಗುತ್ತಿದೆ. ಭಾಷೆಯಲ್ಲಿ ನಿಜವಾದ ಹಾಸ್ಯ ಹುಟ್ಟುವುದು ಮನುಷ್ಯ ಎರಡು ಭಾಷೆಗಳ ನಡುವೆ ಸಿಕ್ಕಿಬಿದ್ದಾಗ. ಮಗನಿಗೆ ತುಳುವಿನಲ್ಲಿ ಬೈಯುತ್ತಿದ್ದ ತಂದೆ, ಬಾಗಿಲಲ್ಲಿ ಬ್ಯಾಂಕಿನ ಸಾಯ್ಬರು ಕಂಡೊಡನೆ ಪುಸ್ತಕದ ಕನ್ನಡಕ್ಕೆ ಹಾರುತ್ತಾನೆ. “ದಯವಿಟ್ಟು ಆಸೀನರಾಗಿ” ಎನ್ನುತ್ತಾನೆ. ಸಾಲದ ಕಂತಿನ ಮಾತು ಬಂದಾಗ ಆ ಕನ್ನಡ ತಡವರಿಸುತ್ತದೆ, ಸಿಟ್ಟು ತುಳುವಿನಲ್ಲೇ ಹೊರಬೀಳುತ್ತದೆ. ಅಲ್ಲಿ ನಾವು ನಗುವುದು ಅವನ ಉಚ್ಚಾರಕ್ಕಲ್ಲ, ಅವನ ಇಕ್ಕಟ್ಟಿಗೆ. ಸಿಟ್‌ಕಾಂ ನೋಡುವಾಗ ಈ ಎರಡನ್ನು ಬೇರೆ ಮಾಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬರೆದವರು ಆ ಮನುಷ್ಯನನ್ನು ಪ್ರೀತಿಸಿದ್ದಾರೋ ಇಲ್ಲವೋ ಎಂದು ಒಂದೇ ದೃಶ್ಯದಲ್ಲಿ ಗೊತ್ತಾಗುತ್ತದೆ.

ನೋಡುವ ಕ್ರಮ? ಮಣಿಪಾಲದ ಹಾಸ್ಟೆಲುಗಳಲ್ಲಿ ಹುಡುಗರು ‘ಫ್ರೆಂಡ್ಸ್’ನ ಒಂದಿಡೀ ಸೀಸನ್ನನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ. ಪರೀಕ್ಷೆ ಮುಗಿದ ಖುಷಿಗೆ ಅದು ಸರಿ, ಆದರೆ ರುಚಿಗೆ ಒಳ್ಳೆಯದಲ್ಲ. ವಾರಕ್ಕೊಂದರಂತೆ ಬರಲೆಂದು ಬರೆದದ್ದನ್ನು ಸಾಲಾಗಿ ನೋಡಿದರೆ ಪಾತ್ರದ ಅದೇ ಗುಣ ಬೇಸರ ತರಿಸುತ್ತದೆ. ನಡುವೆ ಒಂದು ಹಗಲು ಇರಲಿ. ಆ ಹಗಲಿನಲ್ಲಿ ನಮ್ಮ ಕಚೇರಿಯಲ್ಲೋ ಬಸ್ಸಿನಲ್ಲೋ ಒಬ್ಬ ಲಲಿತಾಂಬ ಸಿಗುತ್ತಾಳೆ, ಸಂಜೆ ಟಿವಿಯ ಲಲಿತಾಂಬ ಇನ್ನಷ್ಟು ಹತ್ತಿರವಾಗುತ್ತಾಳೆ. ಆದಷ್ಟು ಮಟ್ಟಿಗೆ ಒಬ್ಬರೇ ನೋಡಬೇಡಿ. ಒಂದು ಕಂತನ್ನು ಧ್ವನಿ ತೆಗೆದೂ ನೋಡಿ, ಯಾರು ನಟರು, ಯಾರು ಬರೀ ಮಾತು ಒಪ್ಪಿಸುವವರು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಶುರು ಎಲ್ಲಿಂದ ಎಂದರೆ, 2000ದ ಡಿಸೆಂಬರ್‌ನಲ್ಲಿ ಆರಂಭವಾದ ಈಟಿವಿ ಕನ್ನಡದ ಮೊದಲ ವರ್ಷಗಳಿಂದ. ವಿಜಯಪ್ರಸಾದ್ ನಿರ್ದೇಶಿಸಿದ ‘ಸಿಲ್ಲಿ ಲಲ್ಲಿ’, ಸಿಹಿ ಕಹಿ ಚಂದ್ರು ಅವರ ‘ಪಾಪ ಪಾಂಡು’. ಮೊದಲ ಎರಡು ಕಂತಿಗೆ ನಗು ಬಾರದಿದ್ದರೆ ಗಾಬರಿ ಬೇಡ, ನೀವಿನ್ನೂ ಆ ಮನೆಗೆ ಹೊಸ ನೆಂಟರು. ಐದನೆಯದೋ ಆರನೆಯದೋ ಕಂತಿನಲ್ಲಿ ಶ್ರೀಮತಿ ಒಳಗಿನಿಂದ ಪಾಂಡುವನ್ನು ಕರೆಯುತ್ತಾಳೆ. ಅವನು ಇನ್ನೂ ತಿರುಗಿರುವುದಿಲ್ಲ, ಉತ್ತರ ಕೊಟ್ಟಿರುವುದಿಲ್ಲ. ಆಗ ಚಿದಾನಂದರ ಮುಖ ನೋಡಿ, ಆಮೇಲೆ ಚಾವಡಿಯಲ್ಲಿ ಕೂತವರ ಮುಖ ನೋಡಿ.